ಅಳಿಗುಳಿ ಮನೆಗೆ ನಾನು ಸಿಮೆಂಟು ತುಂಬಿದ್ದು

ಅಜ್ಜಿಯೊಬ್ಬರು ತಮ್ಮ ಅಕ್ಕನ ಜೊತೆ ಆಡಿ ಬೆಳೆದ ಅಳಿಗುಳಿ ಮನೆಯ ಹದಿನಾಲ್ಕು ಗುಳಿಗಳಿಗೂ ನಾನು ಸಿಮೆಂಟು ತುಂಬಿದೆ. ತುಂಬು ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದು ಮಾತ್ರ ಹೇಳಿದ್ದರು.

ಜಯನಗರಕ್ಕೆ ಆಗಿನ್ನೂ ರಸ್ತೆಗಳು ಬೀಳುತ್ತಿದ್ದ ಕಾಲ. ನಾನು ಹಗಲು ಕಾಲೇಜಿನಲ್ಲಿ ಫೇಲಾಗುತ್ತಾ, ಸಂಜೆ ಬಸವನಗುಡಿಯ ಶಿಲ್ಪಿಯೊಬ್ಬರ ಬಳಿ ಮಣ್ಣಿನ ಕೆಲಸ ಕಲಿಯುತ್ತಿದ್ದೆ. ನಾನು ಮಾಡಿದ ಮೊದಲ ಆನೆಯನ್ನು ಅವರ ಮನೆಯವರು ಒಲೆಯೆಂದುಕೊಂಡು ಮೇಲೆ ಪಾತ್ರೆ ಇಟ್ಟಿದ್ದರು.

ಮೇಷ್ಟ್ರಿಗೆ ವಿಗ್ರಹಗಳಲ್ಲಿ ಅಷ್ಟು ಆಸಕ್ತಿಯಿರಲಿಲ್ಲ. ಹಳೇ ಕಟ್ಟಡಗಳಲ್ಲಿ ಜನ ಬಳಸಿ ಬಳಸಿ ಸವೆದ ಜಾಗಗಳಿಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಿದ್ದರು: ಕುಡುಗೋಲು ಮಸೆದ ಕಂಬ, ಹಗ್ಗ ಉಜ್ಜಿ ಗೀರುಬಿದ್ದ ಬಾವಿಕಟ್ಟೆ. ಅದೂ ಶಿಲ್ಪವೇ ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಜಯನಗರಕ್ಕೆ ಸೇರಿಹೋದ ಹಳ್ಳಿಯೊಂದರ ನಾಲ್ಕು ಕಂಬದ ಮಂಟಪ ಹೊಸ ರಸ್ತೆಗೆ ಅಡ್ಡವಾಗಿತ್ತು. ಅದನ್ನು ಕೆಡವುವ ದಿನವೂ ಗೊತ್ತಾಗಿತ್ತು. ಆ ಊರಿನ ಅಜ್ಜಿ, ಹೊಲವೆಲ್ಲ ಸೈಟಾದಾಗಲೂ ಯಾರನ್ನೂ ಏನೂ ಕೇಳದವರು, ಮೇಷ್ಟ್ರ ಮನೆಗೆ ನಡೆದುಬಂದು ಒಂದೇ ಒಂದು ಕೇಳಿದರು. ಮಂಟಪದ ನೆಲಗಲ್ಲಿನಲ್ಲಿ ಅಳಿಗುಳಿ ಮನೆ ಕೊರೆದಿದೆ. ತೀರಿಹೋದ ಅಕ್ಕನ ಜೊತೆ ಹುಣಸೆಬೀಜ ಹಾಕಿ ಆಡಿದ್ದು ಅಲ್ಲೇ. ಅದನ್ನು ಹೇಗಾದರೂ ಉಳಿಸಿಕೊಡಬೇಕು. ಕೆಡವುವ ಮೊದಲು ಗುಳಿಗಳ ಅಚ್ಚು ತೆಗೆದುಕೊಡಲು ಮೇಷ್ಟ್ರು ಒಪ್ಪಿಕೊಂಡರು. ಈ ಮಾತು ನಡೆದಾಗ ನಾನೂ ಅಲ್ಲೇ ಇದ್ದೆನಂತೆ. ಬೋಂಡ ತಿನ್ನುತ್ತಿದ್ದೆ.

ಕೆಡವುವ ಹಿಂದಿನ ದಿನ ಮೇಷ್ಟ್ರು ನನಗೆ ಹೇಳಿದರು: "ನೆಲ ಗುಡಿಸಿಟ್ಟು ಬಾ. ಬೇರೆ ಏನೂ ಮಾಡ್ಬೇಡ."

ಗುಡಿಸಿದೆ. ಏಳೇಳರ ಎರಡು ಸಾಲು ಗುಳಿಗಳು ಕಂಡವು; ಆಟದ ಲೆಕ್ಕದಲ್ಲಿ ಒಂದೊಂದು ಗುಳಿಯೂ ಒಂದೊಂದು ಮನೆ. ನಮ್ಮ ಮನೆಯಲ್ಲೂ ಮರದ್ದೊಂದಿತ್ತು, ಗುರುತಾಯಿತು. ಆದರೆ ಹೆಂಗಸರ ಆಟಕ್ಕೂ ಶಿಲ್ಪಕ್ಕೂ ಏನು ಸಂಬಂಧ? ಅಚ್ಚು ತೆಗೆಯುವುದು ಕಂಬದಲ್ಲಿ ಕೆತ್ತಿದ ಕಮಲಕ್ಕೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ದುಬಾರಿ ಪ್ಲಾಸ್ಟರ್ ಕಂಬದಿಂದ ಸೋರಿ ಈ ಗುಳಿಗಳಿಗಿಳಿದು ದಂಡವಾಗುತ್ತದಲ್ಲ ಎಂದು ಹೊಟ್ಟೆ ಉರಿಯಿತು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿಯನ್ನು ಕಾಡಿ ಒಂದು ಬಾಂಡ್ಲಿ ಸಿಮೆಂಟು ತಂದೆ. ಹದಿನಾಲ್ಕನ್ನೂ ತುಂಬಿ ಕರಣೆಯಲ್ಲಿ ನುಣ್ಣಗೆ ಎಳೆದೆ. ನನ್ನ ಜೀವಮಾನದಲ್ಲಿ ಒಪ್ಪವಾಗಿ ಮುಗಿಸಿದ ಮೊದಲ ಕೆಲಸ ಅದು.

ಮಾರನೆಯ ದಿನ ಮೇಷ್ಟ್ರು ಪ್ಲಾಸ್ಟರ್ ಮೂಟೆಯೊಂದಿಗೆ ಬಂದರು. ಜೊತೆಗೆ ಅಜ್ಜಿ. ಇಬ್ಬರೂ ನೆಲ ನೋಡಿದರು. ನಾನು ಹೊಗಳಿಕೆಗೆ ಕಾದೆ.

"ಗುಳಿ ಎಲ್ಲೋ?"

"ಮುಚ್ಚಿದೀನಿ ಸಾರ್. ಒಂದೂ ಕಾಣಲ್ಲ."

ಅಜ್ಜಿ ಕಂಬಕ್ಕೊರಗಿ ಕೂತುಬಿಟ್ಟರು. ಆಮೇಲಿನ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ; ಅದರಲ್ಲಿ ನಮ್ಮ ತಂದೆಯವರೂ ಬರುತ್ತಾರೆ.

ಬೈದು ಸುಸ್ತಾದ ಮೇಷ್ಟ್ರು ಉಳಿ ತೆಗೆದು ಒಂದು ಗುಳಿಯ ಅಂಚಿಗೆ ಮೆಲ್ಲಗೆ ತಟ್ಟಿದರು. ಸಿಮೆಂಟು ಗಟ್ಟಿ ಇಡಿಯಾಗಿ ಎದ್ದುಬಂತು. ಕಾರ್ತಿಕದಲ್ಲಿ ಆ ಗುಳಿಗಳಿಗೇ ಹರಳೆಣ್ಣೆ ಸುರಿದು ದೀಪ ಹಚ್ಚುತ್ತಿದ್ದರಂತೆ. ಅಷ್ಟು ವರ್ಷ ಎಣ್ಣೆ ಕುಡಿದ ಕಲ್ಲು ನನ್ನ ಸಿಮೆಂಟನ್ನು ಹತ್ತಿರ ಸೇರಿಸಿರಲಿಲ್ಲ. ಹದಿಮೂರು ಹಾಗೇ ಎದ್ದವು. ಹದಿನಾಲ್ಕನೆಯದನ್ನು ನಾನು ಎತ್ತಲು ಹೋದೆ, ಅದು ಎರಡು ಹೋಳಾಯಿತು.

ಅಷ್ಟರಲ್ಲಿ ಹಾರೆ ಹಿಡಿದವರು ಬಂದರು. ಪ್ಲಾಸ್ಟರ್ ಮೂಟೆ ಬಿಚ್ಚಲೇ ಇಲ್ಲ. ಸಂಜೆಗೆ ಆ ನೆಲಗಲ್ಲು ಜಲ್ಲಿಯಾಗಿತ್ತು.

ಉಳಿದದ್ದು ನನ್ನ ಗಟ್ಟಿಗಳಷ್ಟೇ. ಮೇಷ್ಟ್ರು ಅವನ್ನು ಬೋರಲಾಗಿಸಿ ಹಲಗೆಯ ಮೇಲೆ ಎರಡು ಸಾಲು ಜೋಡಿಸಿದರು. ಗುಳಿಯಿದ್ದಲ್ಲಿ ಈಗ ಉಬ್ಬು. ಬೀಜ ಬಾಚುವಾಗ ಉಗುರು ಕೆರೆದ ಗೀರೂ ಅಚ್ಚಾಗಿತ್ತು. ಅಜ್ಜಿ ಒಂದೊಂದನ್ನೇ ಸವರುತ್ತಾ ಹೋಗಿ, ಎಲ್ಲಕ್ಕಿಂತ ಎತ್ತರವಾಗಿದ್ದ ಒಂದರ ಮೇಲೆ ಕೈ ನಿಲ್ಲಿಸಿದರು. ಅದು ಅಕ್ಕನ ಸಾಲಿನ ಕೊನೆಯ ಮನೆ. ಕದ್ದ ಬೀಜ ಕಾಣದಿರಲೆಂದು ಅವಳೇ ಕಲ್ಲಿನಿಂದ ಕುಟ್ಟಿ ಆಳ ಮಾಡಿಕೊಂಡಿದ್ದಳಂತೆ.

ಅಜ್ಜಿ ಆ ಗಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡು ನನ್ನ ಕಡೆ ತಿರುಗಿದರು.

"ಹದಿನಾಲ್ಕು ಮನೇನೂ ನೀನೊಬ್ನೇ ತುಂಬ್ಕೊಂಡ್ಯಲ್ಲಪ್ಪ. ನಮ್ಮಕ್ಕನೂ ಇಷ್ಟು ಮೋಸ ಆಡಿರ್ಲಿಲ್ಲ."