ಒದ್ದೆಯಾದ ಪುಸ್ತಕಕ್ಕೊಂದು ಚೀಟಿ

ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನಾನು ಮಾಡಿದ ಕೆಲಸ ಇಷ್ಟೇ: ಕೊಟ್ಟದ್ದನ್ನು ವಾಪಸು ಇಸಿದುಕೊಳ್ಳುವುದು. ಟೂಲ್ ಸ್ಟೋರಿನ ಕಿಟಕಿಯ ಒಳಗೆ ನಾನು, ಹೊರಗೆ ಕೆಲಸಗಾರರು. ಪ್ರತಿಯೊಬ್ಬರ ಹತ್ತಿರವೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಬಿಲ್ಲೆ ಕೊಟ್ಟರೆ ಡ್ರಿಲ್ಲು, ಮೈಕ್ರೋಮೀಟರು, ಏನು ಬೇಕೋ ಅದು ಸಿಗುತ್ತಿತ್ತು. ಸಾಮಾನಿದ್ದ ಜಾಗದ ಮೊಳೆಗೆ ಬಿಲ್ಲೆ ನೇತುಹಾಕುತ್ತಿದ್ದೆ. ಸಂಜೆ ಸಾಮಾನು ಬಂದರೆ ಬಿಲ್ಲೆ ವಾಪಸು. ಮುರಿದು ಬಂದರೆ ಮಾತ್ರ, ಹೇಗೆ ಮುರಿಯಿತು ಅಂತ ಫೋರ್‌ಮನ್ ಕೈಯಿಂದ ಚೀಟಿ ತರಬೇಕು. ಅಲ್ಲಿಯವರೆಗೆ ಬಿಲ್ಲೆ ನನ್ನ ಮೇಜಿನ ಡ್ರಾಯರಿನಲ್ಲಿ.

ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಇನ್ನೊಮ್ಮೆ ಎಳೆದು ನೋಡುವ ಮನುಷ್ಯ ನಾನು. ಗ್ಯಾಸ್ ಆರಿಸಿದ್ದಕ್ಕೆ ಸಾಕ್ಷಿಯಾಗಿ ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೊರಡುತ್ತೇನೆ. ಬಸ್ಸಿನಲ್ಲಿ ಕೂತು ಆ ಫೋಟೋ ನೋಡಿದರೆ, ಇದು ಇವತ್ತಿನದೋ ನಿನ್ನೆಯದೋ ಎಂಬ ಹೊಸ ಚಿಂತೆ ಶುರುವಾಗುತ್ತದೆ.

ಐವತ್ತೆರಡಕ್ಕೆ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತೆ. ಮಾಡಲು ಏನೂ ಇಲ್ಲದೆ ಹೆಂಡತಿಯ ಅಡುಗೆಮನೆಯ ಡಬ್ಬಿಗಳಿಗೆ ನಂಬರು ಅಂಟಿಸಿದೆ. ತೊಗರಿಬೇಳೆ ಒಂಬತ್ತು, ಹೆಸರುಬೇಳೆ ಹತ್ತು. ಮೂರನೇ ವಾರ ಅವಳು, ನಿಮಗೆ ಎಲ್ಲಾದರೂ ಒಂದು ಕಡೆ ಜಾಗ ಹುಡುಕಲೇಬೇಕು ಅಂದಳು. ಹುಡುಕಿದವಳೂ ಅವಳೇ.

ನಾವಿರುವುದು ಬ್ರೂಕ್‌ಫೀಲ್ಡಿನ ಹಿಂಬದಿ. ಅಲ್ಲಿಂದ ದೊಡ್ಡನೆಕ್ಕುಂದಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸರ್ಕಾರಿ ಶಾಲೆಯಿದೆ, ಏಳನೇ ತರಗತಿವರೆಗೆ. ಯಾವುದೋ ಕಂಪನಿಯ ಹುಡುಗ ಹುಡುಗಿಯರು ಒಂದೇ ಬಣ್ಣದ ಟೀಶರ್ಟ್ ಹಾಕಿಕೊಂಡು ಬಂದು, ಗೋಡೆಗೆ ಆನೆ ಜಿರಾಫೆ ಬರೆದು, ಫೋಟೋ ತೆಗೆಸಿಕೊಂಡು, ಡಬ್ಬಗಟ್ಟಲೆ ಪುಸ್ತಕ ಕೊಟ್ಟು ಹೋಗಿದ್ದರು. ಡಬ್ಬ ಬಿಚ್ಚುವುದಕ್ಕೆ ಶಾಲೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ನನ್ನ ಹೆಂಡತಿಗೆ ಮುಖ್ಯ ಶಿಕ್ಷಕಿಯ ಪರಿಚಯ. ಹೀಗೆ ಬುಧವಾರ, ಶನಿವಾರ ನಾನು ಆ ಶಾಲೆಯ ಲೈಬ್ರರಿ ಸಾರ್ ಆದೆ.

ಲೈಬ್ರರಿ ಹೇಗೆ ನಡೆಸಬೇಕೆಂದು ನನಗೆ ಗೊತ್ತಿರಲಿಲ್ಲ. ಟೂಲ್ ಸ್ಟೋರ್ ನಡೆಸುವುದು ಗೊತ್ತಿತ್ತು. ಅಲ್ಯೂಮಿನಿಯಂ ತಗಡು ಕತ್ತರಿಸಿ, ಅಂಚು ಉಜ್ಜಿ, ನಂಬರು ಹೊಡೆದು ಮಕ್ಕಳಿಗೆಲ್ಲ ಒಂದೊಂದು ಬಿಲ್ಲೆ ಮಾಡಿದೆ. ಕಪಾಟಿನ ಹಲಗೆಗಳಿಗೆ ಮೊಳೆ ಹೊಡೆದೆ. ಮಕ್ಕಳು ಬಿಲ್ಲೆಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ತಿರುಗಿದರು. ಅದನ್ನು ನೋಡಿ ನನಗೆ ಎಂಥ ಹೆಮ್ಮೆ ಅಂದರೆ, ಗೋಡೆಗೆ ನಿಯಮಗಳ ದೊಡ್ಡ ಹಾಳೆಯನ್ನೇ ಅಂಟಿಸಿಬಿಟ್ಟೆ. ಕೈ ತೊಳೆದು ಬರಬೇಕು. ಹಾಳೆ ಮಡಿಚಬಾರದು. ಒಂದು ಬಿಲ್ಲೆಗೆ ಒಂದೇ ಪುಸ್ತಕ. ಕೊನೆಯದು, ಪುಸ್ತಕ ಹರಿದರೆ, ನೆನೆದರೆ, ಕಲೆಯಾದರೆ, ಅದು ಹೇಗಾಯಿತೆಂದು ತಂದೆ ಅಥವಾ ತಾಯಿಯ ಸಹಿಯಿರುವ ಚೀಟಿ ತರಬೇಕು. ಚೀಟಿ ಬರುವವರೆಗೆ ಬಿಲ್ಲೆ ಇಲ್ಲ.

ಮುಖ್ಯ ಶಿಕ್ಷಕಿ ಆ ಹಾಳೆಯ ಮುಂದೆ ಸ್ವಲ್ಪ ಹೊತ್ತು ನಿಂತರು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು, ಮನೆಯಲ್ಲಿ ಬರೆಯುವವರು ಕಡಿಮೆ ಅಂದರು. ಹೇಗಾದರೂ ಬರೆಸಿಕೊಂಡು ಬರಲಿ ಮೇಡಂ, ಶಿಸ್ತು ಬರುತ್ತೆ ಅಂದೆ. ನಾನು ಪುಕ್ಕಟೆ ಕೆಲಸ ಮಾಡುವವನು, ಅವರು ವಾದ ಬೆಳೆಸದೆ ತರಗತಿಗೆ ಹೋದರು.

ಏಳನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಯಾದಗಿರಿ ಕಡೆಯವಳು, ಅಪ್ಪ ಸೆಂಟ್ರಿಂಗ್ ಕೆಲಸದವನು. ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿರುತ್ತಿದ್ದಳು, ಕೈ ತೊಳೆದ ನೀರು ಮೊಣಕೈಯಿಂದ ತೊಟ್ಟಿಕ್ಕುತ್ತಿರುವಂತೆಯೇ. ಹಕ್ಕಿಗಳ ಬಗ್ಗೆ ಬಣ್ಣದ ಚಿತ್ರಗಳಿದ್ದ ಒಂದು ದಪ್ಪ ಪುಸ್ತಕವನ್ನು ಮೇಲಿಂದ ಮೇಲೆ ತೆಗೆದುಕೊಂಡು ಹೋಗುತ್ತಿದ್ದಳು. ಇದರಲ್ಲಿರುವ ಹಕ್ಕಿ ನಮ್ಮೂರಲ್ಲೂ ಇದೆ, ಆದರೆ ನಾವು ಕರೆಯುವ ಹೆಸರು ಬೇರೆ ಅಂತ ಒಮ್ಮೆ ಹೇಳಲು ಬಂದಳು. ಪುಸ್ತಕದಲ್ಲಿರುವುದೇ ಸರಿಯಾದ ಹೆಸರು ಅಂದೆ. ಊರಿನ ಹೆಸರು ಏನು ಅಂತ ಕೇಳುವ ಬುದ್ಧಿ ನನಗೆ ಬರಲಿಲ್ಲ.

ಆಗಸ್ಟಿನ ಒಂದು ಶನಿವಾರ ಅವಳು ಆ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಹಿಂದಿನ ದಿನಗಳಲ್ಲಿ ಬಿಡದೆ ಮಳೆ ಬಂದಿತ್ತು. ನುಣುಪು ಕಾಗದದ ಪುಸ್ತಕ ಅದು, ನೆನೆದರೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಬಿಡಿಸಲು ನೋಡಿದ್ದಳು. ಬಿಡಿಸಿದ ಹಾಳೆಗಳ ನಡುವೆ ತನ್ನ ನೋಟ್‌ಬುಕ್ಕಿನ ಕಾಗದ ಹರಿದು ಒಂದೊಂದಾಗಿ ಇಟ್ಟಿದ್ದಳು. ನಾನು ನಿಯಮದ ಹಾಳೆಯತ್ತ ಬೆರಳು ತೋರಿಸಿದೆ. ಅವಳು ತಲೆಯಾಡಿಸಿ ಹೋದಳು.

ಬುಧವಾರ ಚೀಟಿ ತಂದಳು. ಇಡೀ ಹಾಳೆ ತುಂಬಾ ಬರೆದಿತ್ತು, ಕೆಳಗೆ ಅಪ್ಪನ ಹೆಸರು. ಚೀಟಿ ಪರೀಕ್ಷಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಏನು ಬರೆದಿದೆ ಎಂದು ನೋಡುವ ಮೊದಲು ಅಕ್ಷರ ನೋಡುವವನು ನಾನು. ಪುಸ್ತಕದೊಳಗಿಟ್ಟಿದ್ದ ನೋಟ್‌ಬುಕ್ ಕಾಗದದ ಮೇಲಿದ್ದ ಅದೇ ದುಂಡಗಿನ ಅಕ್ಷರ, ಸಾಲದ್ದಕ್ಕೆ ಸಹಿಯೂ ಅದೇ ಪೆನ್ನು, ಅದೇ ಕೈ.

“ಇದನ್ನ ಬರೆದಿದ್ದು ಯಾರು?”

“ನಾನ್ರಿ ಸರ್.”

“ಸಹಿ?”

“ಅದೂ ನಾನೇರಿ.”

ಅಷ್ಟು ನಿರಾಳವಾಗಿ ಒಪ್ಪಿಕೊಂಡದ್ದು ನನಗೆ ಇನ್ನೂ ಸಿಟ್ಟು ತರಿಸಿತು. ಅವಳ ಹಿಂದೆ ನಾಲ್ಕೈದು ಮಕ್ಕಳು ಸಾಲಾಗಿ ನಿಂತಿದ್ದರು. ಅವರೂ ಕಲಿಯಲಿ ಅಂತ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

“ಅಪ್ಪನ ಸಹಿ ನೀನೇ ಹಾಕೋದಕ್ಕೆ ಏನಂತಾರೆ ಗೊತ್ತೇನಮ್ಮ? ಫೋರ್ಜರಿ ಅಂತಾರೆ.”

ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಕೈ ಎತ್ತಿ, ಮುಂದಿನವರು ಬನ್ನಿ ಅಂದೆ. ಬಿಲ್ಲೆಯನ್ನು ನಾನು ಕೇಳಬೇಕಾಗಿಯೇ ಬರಲಿಲ್ಲ. ಅವಳೇ ಕೊರಳಿನ ದಾರ ತೆಗೆದು ಮೇಜಿನ ಮೇಲಿಟ್ಟು ಹೋದಳು. ನಾನು ಆ ಚೀಟಿಗೆ ತೂತು ಹೊಡೆದು ಫೈಲಿಗೆ ಸೇರಿಸಿದೆ, ಓದದೆಯೇ.

ಸಾಲಿನಲ್ಲಿ ನಿಂತಿದ್ದ ಮಕ್ಕಳಿಗೆ ಆ ಇಂಗ್ಲಿಷ್ ಶಬ್ದ ಬಹಳ ಹಿಡಿಸಿತು. ಮುಂದಿನ ಶನಿವಾರ ಅಂಗಳದಲ್ಲಿ, “ಏ ಫೋರ್ಜರಿ, ಬಾರೇ, ಈಗ ನಿಂದೇ ಆಟ” ಅಂತ ಯಾರೋ ಕೂಗುತ್ತಿದ್ದರು. ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿಯರ ಗುಂಪಿನಿಂದ ಅವಳು ಎದ್ದು ಬಂದದ್ದನ್ನು ನೋಡಿದೆ. ಹೆಸರು ಕರೆದರೆ ಬರುವ ಹಾಗೆಯೇ ಬಂದಳು. ನಾನು ಒಳಗೆ ಹೋಗಿ, ಸರಿಯಾಗಿಯೇ ಇದ್ದ ಪುಸ್ತಕಗಳನ್ನು ಮತ್ತೊಮ್ಮೆ ಸಾಲಾಗಿ ಜೋಡಿಸಿದೆ.

ಅವಳು ಲೈಬ್ರರಿಗೆ ಬರುವುದು ನಿಂತಿತು. ಸುಮ್ಮನೆ ಕೂತು ಓದುವುದಕ್ಕೂ ಬರಲಿಲ್ಲ. ಬೇರೆ ಮಕ್ಕಳೂ ಪುಸ್ತಕ ಮನೆಗೆ ಒಯ್ಯುವುದು ಕಡಿಮೆಯಾಯಿತು. ಮಳೆಗಾಲ ಮುಗಿದ ಮೇಲೆ ಒಯ್ಯುತ್ತೇವೆ ಸಾರ್ ಅನ್ನುತ್ತಿದ್ದರು. ಇಷ್ಟು ಜವಾಬ್ದಾರಿ ಬಂತಲ್ಲ ಅಂತ ನಾನು ಮನೆಯಲ್ಲಿ ಹೇಳಿಕೊಂಡು ತಿರುಗಿದೆ. ಕಪಾಟು ತುಂಬಿತ್ತು, ಒಂದು ಪುಸ್ತಕವೂ ಕಳೆದಿರಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ದಿನ ಮುಖ್ಯ ಶಿಕ್ಷಕಿ ಬೇರೇನೋ ಕಾಗದ ಹುಡುಕುತ್ತ ನನ್ನ ಫೈಲು ತೆರೆದರು. ಹುಡುಕುವುದನ್ನು ಬಿಟ್ಟು ನಿಂತೇ ಓದಿದರು. ಆಮೇಲೆ ಫೈಲನ್ನು ನನ್ನ ಮುಂದಿಟ್ಟು, ಇದನ್ನು ಓದಿದ್ದೀರಾ ಅಂತ ಕೇಳಿದರು. ಆಗ ಓದಿದೆ.

“ಲೈಬ್ರರಿ ಸರ್ ಅವರಿಗೆ ನಮಸ್ಕಾರ. ನಮ್ಮ ಮನಿ ಮ್ಯಾಗ ತಗಡ ಅದ. ಮಳಿ ಬಂದ್ರ ಯಾವ ಮೂಲ್ಯಾಗ ಸೋರತದ ಅಂತ ನಮಗ ಗೊತ್ತದ, ಅಲ್ಲಿ ಬಕೀಟ ಇಡತೀವಿ. ಅವತ್ತ ಮಳಿ ಬ್ಯಾರೆ ಮೂಲ್ಯಾಗ ಬಂತು. ಮಗಳು ಪುಸ್ತಕ ಆ ಮೂಲ್ಯಾಗ ಇಟ್ಟಿದ್ದಳು, ಯಾಕಂದ್ರ ಅಲ್ಲಿ ಎಂದೂ ನೀರ ಬಿದ್ದಿದ್ದಿಲ್ಲ. ಆಕಿ ವಿಚಾರ ಮಾಡೇ ಇಟ್ಟಾಳ. ನಸಕಿನ್ಯಾಗ ನೋಡಿ ಅತ್ತಾಳ. ಪುಸ್ತಕ ಛಲೋ ಇತ್ತು ಅಂತ ನನಗೂ ಗೊತ್ತದ, ನಾ ರೊಟ್ಟಿ ತಿನ್ನೂ ಮುಂದ ಓದಿ ಹೇಳತಿದ್ದಳು. ಇನ್ನ ಅರ್ಧ ಉಳದದ. ಬಿಲ್ಲಾ ಕಸಗೋಬ್ಯಾಡ್ರಿ.”

ಮುಖ್ಯ ಶಿಕ್ಷಕಿ ಮೆಲ್ಲಗೆ ಹೇಳಿದರು: “ಇದು ಅವರಪ್ಪನ ಮಾತೇ ಸಾರ್. ಮೀಟಿಂಗಿಗೆ ಬಂದಾಗ ಹೀಗೇ ಮಾತಾಡ್ತಾರೆ. ಬರೆಯೋಕೆ ಬರಲ್ಲ ಅವರಿಗೆ. ಹೇಳಿರ್ತಾರೆ, ಇವಳು ಬರ್ಕೊಂಡಿರ್ತಾಳೆ. ನೀವು ಹೇಳಿದ್ದೂ ಅದನ್ನೇ ಅಲ್ವಾ, ಬರೆಸ್ಕೊಂಡು ಬರಲಿ ಅಂತ?”

ಬರೆದವರು ಯಾರು ಅಂತ ಕೇಳಿದೆ, ಸಹಿ ಯಾರದು ಅಂತ ಕೇಳಿದೆ. ಹೇಳಿದವರು ಯಾರು ಅಂತ ಮೂರನೇ ಪ್ರಶ್ನೆ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕಾರ್ಖಾನೆಯಲ್ಲಿ ನಮ್ಮ ಫೋರ್‌ಮನ್‌ಗಳು ಎಷ್ಟು ಚೀಟಿ ತಾವೇ ಬರೆದಿದ್ದರು? ಕಿಟಕಿಯ ಹೊರಗೆ ನಿಂತು ಅವರು ಹೇಳುತ್ತಿದ್ದರು, ಒಳಗೆ ಕೂತು ನಾನು ಬರೆಯುತ್ತಿದ್ದೆ. ಅವಸರವಿದ್ದರೆ, ಸಹಿಯೂ ನೀನೇ ಎಳೆದುಬಿಡೋ ಮಾರಾಯ ಅಂತ ಹೋಗುತ್ತಿದ್ದರು. ಎಳೆದಿದ್ದೇನೆ. ಅದಕ್ಕೆ ಆಗ ನಮ್ಮಲ್ಲಿ ಹೊಂದಾಣಿಕೆ ಅನ್ನುತ್ತಿದ್ದರು.

ಕೊನೆಯ ನಿಯಮದ ಮೇಲೆ ಬಿಳಿ ಕಾಗದ ಅಂಟಿಸಿದೆ. ಮಕ್ಕಳು ಒಬ್ಬೊಬ್ಬರಾಗಿ ಪುಸ್ತಕ ಒಯ್ಯತೊಡಗಿದರು. ಅವಳು ಬರಲಿಲ್ಲ. ತರಗತಿಗೆ ಹೇಳಿ ಕಳಿಸಿದೆ. ಹೋಂವರ್ಕ್ ಇದೆಯಂತೆ ಅಂತ ಉತ್ತರ ಬಂತು. ಮುಂದಿನ ವಾರವೂ ಹೋಂವರ್ಕ್ ಇತ್ತು.

ಅಕ್ಟೋಬರಿನ ಒಂದು ಭಾನುವಾರ ಸಂಜೆ ಲೈಬ್ರರಿಯ ಹೊಸ ಪುಸ್ತಕಗಳನ್ನು ಒಂದು ಬಟ್ಟೆ ಚೀಲಕ್ಕೆ ತುಂಬಿಕೊಂಡು ಅವರ ಮನೆ ಹುಡುಕಿಕೊಂಡು ಹೋದೆ. ದಾರಿಯುದ್ದಕ್ಕೂ ಒಂದೇ ವಾಕ್ಯ ಬಾಯಿಪಾಠ ಮಾಡಿದೆ: ತಪ್ಪು ನಂದಮ್ಮ, ಓದದೆ ಮಾತಾಡಿಬಿಟ್ಟೆ. ಸಾಲಾಗಿದ್ದ ಬಾಡಿಗೆ ಕೋಣೆಗಳಲ್ಲಿ ಅವರದು ಕೊನೆಯದು. ಅಪ್ಪ ಎದ್ದು ನಿಂತು, ಇದ್ದ ಒಂದೇ ಕುರ್ಚಿಯನ್ನು ಒರೆಸಿ ಕೊಟ್ಟ. ಹುಡುಗಿ ಗೋಡೆಗೆ ಒರಗಿ ಲೆಕ್ಕ ಮಾಡುತ್ತಿದ್ದಳು. ನಮಸ್ತೆ ಅಂದಳು, ಪೆನ್ಸಿಲು ಕೆಳಗಿಡಲಿಲ್ಲ.

ಬಾಯಿಪಾಠ ಮಾಡಿದ್ದನ್ನು ಹೇಳಿದೆ, ಆದರೆ ಅಪ್ಪನಿಗೆ. ದೊಡ್ಡವರಿಗೆ ಹೇಳುವುದು ಸುಲಭ. ಆತ ನನಗಿಂತ ಹೆಚ್ಚು ಮುಜುಗರಪಟ್ಟುಕೊಂಡು, “ಇರಲಿ ಬಿಡ್ರಿ ಸಾಹೇಬ್ರ, ಸಣ್ಣ ಮಾತು” ಅಂದ. ಚಹಾ ತರಿಸಿದ. ಈ ಪುಸ್ತಕ ಅವಳಿಗೆ ಅಂತ ತಂದಿದ್ದೇನೆ, ಇಲ್ಲೇ ಇಟ್ಟುಕೊಂಡು ಓದಲಿ ಅಂದೆ.

ಆಗ ಅವಳು ತಲೆಯೆತ್ತಿದಳು. “ಮತ್ತ ತೊಯ್ದ್ರ ಚೀಟಿ ಯಾರು ಬರೀಬೇಕ್ರಿ ಸರ್?”

ಅಪ್ಪ ಹಾಗನ್ನಬಾರದು ಅಂತ ಗದರಿದ. ಅವಳ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ತಿಳಿದುಕೊಳ್ಳಬೇಕಾದ ವಿಷಯ ಎಂಬಂತೆ ಕೇಳಿದ್ದಳು. ಚೀಟಿಯ ನಿಯಮವೇ ಈಗಿಲ್ಲ ಅಂದೆ. ಅವಳು ಒಂದು ಗಳಿಗೆ ನನ್ನನ್ನು ನೋಡಿದಳು, ಚೀಲವನ್ನು ನೋಡಿದಳು. ಆಮೇಲೆ ಎದ್ದು ಹೋಗಿ ಮೂಲೆಯಲ್ಲಿದ್ದ ಕಬ್ಬಿಣದ ಟ್ರಂಕನ್ನು ತೆರೆದಳು. ಬಟ್ಟೆಗಳನ್ನೆಲ್ಲ ಒಂದು ಬದಿಗೆ ಒತ್ತಿ, ಇನ್ನೊಂದು ಬದಿಗೆ ಹಳೆಯ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು.

ನಾನು ಮೇಲೆ ನೋಡಿದೆ. ತಗಡಿನ ಅಂಚಿನಲ್ಲಿ ಬೆಳಕು ಕಾಣುತ್ತಿತ್ತು. ಟ್ರಂಕಿನ ತಳದ ಹತ್ತಿರ ತುಕ್ಕು ಹಿಡಿದಿತ್ತು. ಹೊರಗೆ ಮೋಡ. ಪುಸ್ತಕ ಶಾಲೆಯದು, ಕೇಳಿದರೆ ಮುಖ್ಯ ಶಿಕ್ಷಕಿ ಉತ್ತರ ಕೊಡಬೇಕು. ಇಷ್ಟೆಲ್ಲ ಯೋಚನೆ ಒಂದೇ ಉಸಿರಿನಲ್ಲಿ ಬಂತು, ಬಾಯಿ ತಾನಾಗಿಯೇ ಆಡಿತು.

“ಮಳೆಗಾಲ ಮುಗೀಲಿ ಬಿಡಮ್ಮ. ಆಮೇಲೆ ತಂದ್ಕೊಡ್ತೀನಿ.”

ಅವಳು ಸೀರೆಯನ್ನು ತೆಗೆದು, ಬಟ್ಟೆಗಳನ್ನು ಮೊದಲಿದ್ದ ಹಾಗೆ ಹರಡಿ, ಟ್ರಂಕಿನ ಮುಚ್ಚಳ ಹಾಕಿದಳು. ಅಪ್ಪ ನನ್ನ ಚೀಲ ಹಿಡಿದುಕೊಂಡು ರಸ್ತೆಯವರೆಗೆ ಬಂದ. ಅಷ್ಟು ದೂರ ಅದನ್ನು ಹೊತ್ತು ತಂದವನು, ನಿಮಗ ಭಾರ ಆಗತದ್ರಿ ಸಾಹೇಬ್ರ ಅಂತ ನನ್ನ ಮೇಲೆಯೇ ಮರುಕಪಟ್ಟ.

ಮಳೆಗಾಲ ಮುಗಿಯಿತು. ನಾನು ಮತ್ತೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು ಅಂತ ನವೆಂಬರ್ ಕಳೆದೆ, ಪರೀಕ್ಷೆ ಹತ್ತಿರ ಬಂತು ಅಂತ ಉಳಿದದ್ದನ್ನು ಕಳೆದೆ. ಈಗ ಅವಳು ರಿಂಗ್ ರಸ್ತೆಯ ಆಚೆಗಿನ ಹೈಸ್ಕೂಲಿಗೆ ಹೋಗುತ್ತಾಳೆ. ಬಸ್ ಸ್ಟಾಪಿನಲ್ಲಿ ಸಿಕ್ಕರೆ ನಮಸ್ತೆ ಸರ್ ಅನ್ನುತ್ತಾಳೆ. ಏನಾದರೂ ಓದುತ್ತಿದ್ದಾಳೋ ಇಲ್ಲವೋ ಅಂತ ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಆ ಭಾನುವಾರ ನಾನು ಮನೆ ಮುಟ್ಟುವವರೆಗೂ ಮಳೆ ಬರಲೇ ಇಲ್ಲ. ಬಾಗಿಲು ತೆಗೆದ ಹೆಂಡತಿ ಚೀಲವನ್ನು ನೋಡಿದಳು, ನನ್ನನ್ನು ನೋಡಿದಳು.

“ಯಾಕ್ರೀ, ತಗೊಳ್ಲಿಲ್ವಾ ಅವಳು?”

“ಇಲ್ಲ,” ಅಂದೆ. “ಬೇಡ ಅಂದ್ಲು.”

ಪಾಪ, ಇನ್ನೂ ಕೋಪ ಇರಬೇಕು ಮಗೂಗೆ ಅಂತ ಹೆಂಡತಿ ಒಳಗೆ ಹೋದಳು. ನಾನು ಬಾಗಿಲ ಅಗುಳಿ ಹಾಕಿ, ಎರಡು ಸಲ ಎಳೆದು ನೋಡಿದೆ.