ಬೇರೆಯವರ ಸೋಮವಾರ

ಸೋಮವಾರ ಬೆಳಿಗ್ಗೆ ನನಗೆ ಮಂಡಿನೋವು ಬರುತ್ತದೆ. ಭಾನುವಾರ ಸಂಜೆಯವರೆಗೆ ಸುಳಿವೇ ಇಲ್ಲದ, ಮಂಗಳವಾರ ಹುಡುಕಿದರೂ ಸಿಗದ ಈ ನೋವನ್ನು ನನ್ನ ಹೆಂಡತಿ ಒಂದು ದಿನವೂ ನಂಬಿದವಳಲ್ಲ. "ಎದ್ದೇಳ್ರೀ, ಬಸ್ಸು ಹೊಂಟೋಯ್ತದೆ" ಎಂದಷ್ಟೇ ಹೇಳಿ, ನಾನು ಹೊದ್ದಿರುವ ಹೊದಿಕೆಯನ್ನು ಎಳೆದು ಮಡಚಿಡುತ್ತಾಳೆ.

ಇದು ಸೋಮಾರಿತನವಲ್ಲ, ವಂಶಪಾರಂಪರ್ಯ ಎಂಬುದು ನನ್ನ ವಾದ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ, ಅದು ಬಸವಣ್ಣನ ದಿನ. ಎತ್ತಿಗೆ ರಜೆ ಎಂದಮೇಲೆ ಅದರ ಹಿಂದೆ ನಡೆಯುವವನಿಗೂ ರಜೆ. ನನ್ನ ತಾತ, ಅವರ ತಾತ, ಎಲ್ಲರೂ ಸೋಮವಾರ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡವರೇ. ಅಷ್ಟು ತಲೆಮಾರಿನ ಅಭ್ಯಾಸ, ಹಾರೋಹಳ್ಳಿಗೆ ನಾಲ್ಕು ಕಾರ್ಖಾನೆ ಬಂದವೆಂದು ಮೈ ಬಿಟ್ಟು ಹೋಗುತ್ತದೆಯೇ? ಇದನ್ನೊಮ್ಮೆ ನಮ್ಮ ಮ್ಯಾನೇಜರಿಗೆ ವಿವರವಾಗಿ ಹೇಳಿದೆ. ಅವರು ಕನ್ನಡಕ ತೆಗೆದು, "ನೀವು ಎತ್ತಾ?" ಎಂದು ಕೇಳಿದರು. ಹೌದೆಂದರೂ ಕಷ್ಟ, ಅಲ್ಲವೆಂದರೂ ಕಷ್ಟ.

ಆಗ ನಾನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕ್ಲಾರ್ಕು. ನಟ್ಟು ಬೋಲ್ಟುಗಳನ್ನು ಒಳಗೆ ತೆಗೆದುಕೊಳ್ಳುವುದು, ಹೊರಗೆ ಕೊಡುವುದು. ಮನೆ ಕನಕಪುರದಲ್ಲಿ. ಆ ವರ್ಷಗಳಲ್ಲಿ ದಸರಾಕ್ಕೆ ನೋಡಿದ ಬಯಲು ಯುಗಾದಿಗೆ ಹೋದರೆ ಕಾಂಪೌಂಡಾಗಿರುತ್ತಿತ್ತು. ಒಂದೊಂದು ಕಾಂಪೌಂಡಿಗೂ ಒಂದೊಂದು ಬಿಳಿ ಬಸ್ಸು. ಬೆಳಿಗ್ಗೆ ಅವೆಲ್ಲ ಒಂದರ ಹಿಂದೊಂದು ಕನಕಪುರಕ್ಕೆ ಬಂದು, ಕಾದಿದ್ದವರನ್ನು ಹತ್ತಿಸಿಕೊಂಡು ಹೋಗುತ್ತಿದ್ದವು.

ಆ ಒಂದು ಸೋಮವಾರ ನಾನು ಅರ್ಧ ಕಣ್ಣು ಮುಚ್ಚಿಕೊಂಡೇ ಬಂದು, ಎದುರಿಗೆ ನಿಂತ ಬಸ್ಸನ್ನು ಹತ್ತಿ, ಸಿಕ್ಕ ಸೀಟಿನಲ್ಲಿ ಕೂತೆ. ಒಳಗೆ ಹೆಂಗಸರೇ ಹೆಚ್ಚಾಗಿದ್ದರು. ಹೊಸಬರನ್ನು ತೆಗೆದುಕೊಂಡಿರಬೇಕು, ನಮ್ಮ ಕಂಪನಿ ಬೆಳೆಯುತ್ತಿದೆ ಎಂದು ಹೆಮ್ಮೆಪಟ್ಟು ನಿದ್ದೆಹೋದೆ.

ಎಚ್ಚರವಾದಾಗ ಬಸ್ಸು ನಿಂತಿತ್ತು. ಜನ ಇಳಿದರು, ನಾನೂ ಇಳಿದೆ. ಗೇಟಿನ ವಾಚ್‌ಮನ್ ತಲೆ ಎಣಿಸುತ್ತಾ, "ಹೊಸಬರೆಲ್ಲ ಎಡಗಡೆ, ಹೊಸಬರೆಲ್ಲ ಎಡಗಡೆ" ಎಂದು ನನ್ನ ಬೆನ್ನಿಗೂ ಕೈ ಇಟ್ಟು ದಬ್ಬಿದ. ಉದ್ದನೆಯ ಕೋಣೆಯೊಂದರಲ್ಲಿ ಬೆಂಚಿನ ಮೇಲೆ ಕೂರಿಸಿ ಎಲ್ಲರಿಗೂ ಟೀ ಕೊಟ್ಟರು. ಹನ್ನೊಂದು ವರ್ಷದಲ್ಲಿ ನಮ್ಮ ಕಾರ್ಖಾನೆಯಲ್ಲಿ ಹೋದ ಕೂಡಲೇ ಟೀ ಕೊಟ್ಟವರಿಲ್ಲ. ನನಗೆ ಅನುಮಾನ ಬಂದದ್ದೇ ಆಗ. ಕಿಟಕಿಯಿಂದ ನೋಡಿದರೆ ಸಾಲು ಸಾಲು ಹೊಲಿಗೆ ಯಂತ್ರಗಳು. ಅದು ಗಾರ್ಮೆಂಟ್ಸ್ ಕಾರ್ಖಾನೆ.

ಟೀ ಕುಡಿದು ಮೆಲ್ಲಗೆ ಜಾರಿಕೊಳ್ಳೋಣವೆಂದು ಏಳುವಷ್ಟರಲ್ಲಿ ಪಕ್ಕದಲ್ಲಿದ್ದ ಹೆಂಗಸು ನನ್ನ ತೋಳು ಹಿಡಿದರು. ನಲವತ್ತರ ಆಸುಪಾಸಿನವರು. ಕೈಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಅರ್ಜಿ.

"ಅಣ್ಣ, ಒಸಿ ಇದ ತುಂಬ್ಕೊಡ್ತೀರಾ? ನಾನು ಏಳ್ನೇ ಕ್ಲಾಸು. ಕನ್ನಡ ಓದ್ತೀನಿ, ಇದು ಬರಾಕಿಲ್ಲ. ತುಂಬ್ದೋರ ಮಾತ್ರ ಇವತ್ತು ತಕ್ಕತಾರಂತೆ."

ನನ್ನ ಕಾರ್ಖಾನೆಯಲ್ಲಿ ಹಾಜರಿಗೆ ಇನ್ನು ಹತ್ತು ನಿಮಿಷವಿತ್ತು. ಓಡಿದರೆ ಮುಟ್ಟಬಹುದಿತ್ತು. "ಮುಂದಿನ ವಾರ ಬಂದ್ರಾಯ್ತಲ್ಲಮ್ಮ" ಎಂದೆ, ಮಹಾ ಬುದ್ಧಿವಂತನಂತೆ.

"ಮುಂದ್ಲ ವಾರವಾ? ನಮ್ಮತ್ತೆ ಬ್ಯಾಡ ಅಂದ್ರೂ ಕೇಳ್ದಂಗೆ ಬಂದಿವ್ನಿ ಕಣಣ್ಣ. ಇವತ್ತು ವಾಪಸ್ಸು ಹೋದ್ರೆ ಮತ್ತೆ ಹೊಸ್ಲು ದಾಟಾಕೆ ಬುಡಾಕಿಲ್ಲ."

ಕೂತೆ. ಪೆನ್ನು ತೆಗೆದೆ. ಹೆಸರು ಜಯಮ್ಮ, ಊರು ಸಾತನೂರಿನ ಹತ್ತಿರ. ಹಿಂದಿನ ಅನುಭವ ಎಂಬ ಕಡೆ ಬಂದಾಗ ಅವರು ತಲೆ ತಗ್ಗಿಸಿದರು. "ನಂಗ್ಯಾವ ಅನ್ಬವ ಐತಣ್ಣ? ರೇಷ್ಮೆ ಉಳ ಸಾಕಿವ್ನಿ. ಎರಡು ಹಸ ಕರೀತೀನಿ."

"ಎಷ್ಟು ವರ್ಷದಿಂದ?"

"ಮದ್ವೆ ಆದಾಗಿಂದ. ಇಪ್ಪತ್ತು ಆಗಿರ್ಬೇಕು."

ರೇಷ್ಮೆ ಹುಳಕ್ಕೆ ಭಾನುವಾರವಿಲ್ಲ, ಹೊತ್ತುಹೊತ್ತಿಗೆ ಸೊಪ್ಪು ಬೀಳಬೇಕು. ಹಸುವಿಗೂ ಅಷ್ಟೆ. ಇಪ್ಪತ್ತು ವರ್ಷ ಒಂದೇ ಒಂದು ರಜೆಯಿಲ್ಲದೆ ದುಡಿದವರು ಅನುಭವವಿಲ್ಲ ಎನ್ನುತ್ತಿದ್ದರು. ಮಂಡಿನೋವಿನ ನಾನು ಬರೆದುಕೊಳ್ಳುತ್ತಿದ್ದೆ. ನಾಚಿಕೆಯಾಗಿ, ನನಗೆ ಗೊತ್ತಿದ್ದ ಅಷ್ಟೂ ಇಂಗ್ಲಿಷನ್ನು ಸುರಿದು ಆ ಜಾಗ ತುಂಬಿಸಿದೆ. ಮಿಕ್ಕದ್ದು ಅಂಚಿಗೆ ಹರಿಯಿತು.

ಅರ್ಜಿ ತೆಗೆದುಕೊಳ್ಳಲು ಬಂದ ಮೇಡಂ ಅದನ್ನು ಓದಿ, ಜಯಮ್ಮನವರನ್ನು ಒಮ್ಮೆ ನೋಡಿ, "ಇಪ್ಪತ್ತು ವರ್ಷಾನಾ!" ಎಂದು ಒಳಗೆ ಹೋಗುವ ಸಾಲಿಗೆ ಕಳಿಸಿದರು. ಆಮೇಲೆ ನನ್ನತ್ತ ತಿರುಗಿದರು. "ನಿಮ್ಮ ಫಾರ್ಮ್ ಎಲ್ಲಿ?"

"ಮೇಡಂ, ನಾನು ಆಚೆ ರಸ್ತೆಯ ಕಾರ್ಖಾನೆಯವನು. ನಿದ್ದೆಗಣ್ಣಲ್ಲಿ ನಿಮ್ಮ ಬಸ್ಸು ಹತ್ತಿಬಿಟ್ಟೆ."

ಕೋಣೆಯೆಲ್ಲ ಗೊಳ್ಳೆಂದಿತು. ಬೆಳಗಿನಿಂದ ಮುಖ ಬಿಗಿಹಿಡಿದು ಕೂತಿದ್ದ ಅಷ್ಟೂ ಹೊಸಬರು ನಕ್ಕರು. ಸಾಲಿನಲ್ಲಿದ್ದ ಜಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಎಲ್ಲರಿಗಿಂತ ಹೆಚ್ಚು ನಕ್ಕರು. "ಟೀ ಕುಡಿದಾಗಿದೆ, ಇಲ್ಲೇ ಸೇರಿಬಿಡಿ" ಎಂದರು ಮೇಡಂ. ನಾನು ಕೈಮುಗಿದು ಹೊರಬಿದ್ದೆ.

ಧೂಳಿನ ರಸ್ತೆಯಲ್ಲಿ ನಡೆದು ನನ್ನ ಕಾರ್ಖಾನೆ ಮುಟ್ಟುವಷ್ಟರಲ್ಲಿ ಹತ್ತೂವರೆ. ಮ್ಯಾನೇಜರಿಗೆ ನಡೆದದ್ದನ್ನು ನಡೆದಂತೆ ಹೇಳಿದೆ. ಅವರು ಪೂರ್ತಿ ಕೇಳಿ, "ನೋಡಿ, ಮಂಡಿನೋವು ಅಂತಲೇ ಬರೆದುಕೊಡಿ. ಅದನ್ನಾದರೂ ನಂಬಬಹುದು" ಎಂದರು. ಬರೆದುಕೊಟ್ಟೆ. ಅರ್ಧ ದಿನದ ರಜೆ ಹೋಯಿತು.

ಆರೇಳು ತಿಂಗಳ ಮೇಲೆ, ಇನ್ನೊಂದು ಸೋಮವಾರ. ನಾನು ರಸ್ತೆ ಬದಿಯಲ್ಲಿ ನಿಂತಿದ್ದೆ. ಬಂದು ನಿಂತ ಬಿಳಿ ಬಸ್ಸಿನ ಕಿಟಕಿಯಿಂದ ಯಾರೋ ಕೂಗಿದರು. ಜಯಮ್ಮ. ಕೊರಳಲ್ಲಿ ಕಂಪನಿಯ ಐಡಿ ಕಾರ್ಡು.

"ಏನಣ್ಣ, ಇವತ್ತು ನಮ್ ಬಸ್ಸಿಗೆ ಬರಾಕಿಲ್ವಾ?"

"ಹೆಂಗೈತಮ್ಮ ಕೆಲಸ?"

"ಕೆಲ್ಸಕ್ಕೇನು, ಚೆಂದಾಗೈತೆ. ನಮ್ಮತ್ತೇನೆ ಬುತ್ತಿ ಕಟ್ಕೊಡ್ತಾರೆ ಈಗ. ಆದ್ರೆ ಈ ಸೋಮವಾರ ಅಂಬೋದೈತಲ್ಲ, ಮೈಯೆಲ್ಲ ಭಾರ ಕಣಣ್ಣ, ಏಳಾಕೇ ಮನ್ಸಿಲ್ಲ" ಎಂದು ಬಾಯಿ ತುಂಬ ಆಕಳಿಸಿದರು.

ಬಸ್ಸು ಹೊರಟುಹೋಯಿತು. ನಾನು ಅಲ್ಲೇ ನಿಂತು ಯೋಚಿಸಿದೆ. ಸೋಮವಾರವನ್ನು ಹಾಗೆ ಬಾಯಿ ತುಂಬ ಬೈಯಬೇಕಾದರೆ, ಮಂಗಳವಾರವೂ ಕೆಲಸ ಇರುತ್ತದೆ ಎಂಬ ಧೈರ್ಯ ಬೇಕು. ಜಯಮ್ಮನವರಿಗೆ ಅದು ಆರು ತಿಂಗಳಲ್ಲಿ ಬಂದಿತ್ತು. ನನ್ನ ಬಳಿ ಹನ್ನೊಂದು ವರ್ಷದಿಂದ ಇತ್ತು, ನಾನು ನೋಡಿಕೊಂಡಿರಲಿಲ್ಲ ಅಷ್ಟೆ.