ಮಂಗಳ ಗ್ರಹಕ್ಕೆ ನೀರಗಂಟಿ ಕೊಟ್ಟ ಅಂಕ

ಕಾಲುವೆಯ ಗೇಟು ಎತ್ತಿ ಇಳಿಸುತ್ತಿದ್ದ ಆ ನೀರಗಂಟಿಯ ಮುಖ ಈಗ ಮರೆತಿದೆ; ಮೀಸೆ ಇತ್ತೆಂದು ಬರೆದರೆ, ಅದು ನಾನೇ ಅಂಟಿಸಿದ ಮೀಸೆಯಾದೀತು. ಮಾತು ಮಾತ್ರ ಖಾತ್ರಿಯಾಗಿ ನೆನಪಿದೆ. ಪ್ರತಿ ಶನಿವಾರ ಸಿಂಧನೂರಿಗೆ ಬಸ್ಸಿನಲ್ಲಿ ಬರುತ್ತಿದ್ದ ವೈಜ್ಞಾನಿಕ ಚಿತ್ರಕಥೆಯ ವಾರಪತ್ರಿಕೆಯನ್ನು ಅವರೂ ಸೇರಿ ನಾವು ನಾಲ್ವರು ಚಹಾದಂಗಡಿಯಲ್ಲಿ ಓದಿ, ಹತ್ತಕ್ಕೆ ಇಷ್ಟೆಂದು ಅಂಕ ಕೊಡುತ್ತಿದ್ದೆವು. ನೀರಗಂಟಿ ಪುಟವನ್ನು ಹೆಬ್ಬೆರಳಿನಿಂದ ಒತ್ತಿ, "ಸುಳ್ಳ ಹೇಳ್ಲಿ, ಖರೇ ಅನಸಂಗ ಹೇಳ್ಲಿ" ಅನ್ನುತ್ತಿದ್ದರು. ಆರಕ್ಕಿಂತ ಹೆಚ್ಚು ಕೊಟ್ಟದ್ದೇ ಇಲ್ಲ.

ಒಂದು ವಾರ ಅಚ್ಚಾಗಿದ್ದದ್ದು ನಮ್ಮಲ್ಲೇ ಒಬ್ಬಳಾದ ಆರ್.ಎಚ್. ಕ್ಯಾಂಪ್ ಎಂಬ ಹತ್ತಿರದ ನಿರಾಶ್ರಿತರ ಊರಿನ ಶಿಕ್ಷಕಿ ಬರೆದು ಚಿತ್ರಿಸಿದ ಮೊದಲ ಕಥೆ. ಅವಳು ಚಹಾ ಮುಟ್ಟದೆ ನೀರಗಂಟಿಯನ್ನೇ ನೋಡುತ್ತಿದ್ದಳು.

"ಎರಡು ತಲಿ ಮಂದಿ, ಒಪ್ಪಿದೆ. ಹಾರೋ ಟ್ರ್ಯಾಕ್ಟರ್, ಒಪ್ಪಿದೆ. ಆದ್ರ ಮಂಗಳ ಗ್ರಹದಾಗ ಕಾಲುವಿ ನೀರು ಕಟ್ಟಕಡೀ ಹೊಲಕ್ಕ ಮುಟ್ಟೈತಂತ! ಯಾರು ನಂಬ್ತಾರ ಯವ್ವಾ?"

"ನಮ್ಮ ಹೊಲ ಕಟ್ಟಕಡೀದು ರೀ. ಇಲ್ಲಂತೂ ಮುಟ್ಟವಲ್ದು, ಅಲ್ಲಾದ್ರೂ ಮುಟ್ಲಿ ಅಂತ ಬರದೀನಿ."

ನಾವು ನಕ್ಕೆವು. ಅವರು ನಗದೆ ಆ ಪುಟವನ್ನು ಮತ್ತೊಮ್ಮೆ, ನಿಧಾನವಾಗಿ ನೋಡಿದರು.

"ಒಂಬತ್ತು."

ಅವಳ ಮುಖ ಅರಳಿತು. "ಒಂದು ಯಾಕ ಕಡಿಮಿ ಮಾಡಿದ್ರಿ?"

"ಅಷ್ಟು ದೂರ ನೀರು ಹರಿಸೀದಿ, ಗೇಟ್ ಎತ್ತಿದಾವನ ಚಿತ್ರಾನ ತಗದಿಲ್ಲಲ್ಲ!"